ಎಂಟು ತಿಂಗಳು ಓದಿದ ಒಂದೇ ಅಧ್ಯಾಯ

ಬೆಳಗಿನ ಆರೂಕಾಲು. ಬಂದರಿನಿಂದ ಹೊರಟ ಮೊದಲ ದೋಣಿ ನದಿಯಾಚೆಯ ಬೆಂಗ್ರೆಯ ಜೆಟ್ಟಿಗೆ ತಾಗುವ ಮುಂಚೆಯೇ ಹೆಲನ್ ಸಾಲಿನ್ಸ್ ಎದ್ದು ನಿಂತಿದ್ದಾರೆ. ಕೈಚೀಲದಲ್ಲಿ ಹತ್ತಿ, ಬ್ಯಾಂಡೇಜ್, ಕತ್ತರಿ. ತುಟಿಯಲ್ಲಿ ಪ್ರಾರ್ಥನೆ. ಮೀನುಗಾರ ಪೂವಪ್ಪ ಅವರ ಜಗಲಿ ಮುಟ್ಟುವಷ್ಟರಲ್ಲಿ ಅದು ಮುಗಿಯಬೇಕು. "ಅವರ ಮನೆಯಲ್ಲಿ ಅವರ ದೇವರುಂಟು. ಅಲ್ಲಿ ನನ್ನ ಬಾಯಿ ಎಂತಕ್ಕೆ? ಕೈ ಸಾಕು" ಎನ್ನುತ್ತಾರೆ.

ಸಕ್ಕರೆ ಕಾಯಿಲೆಯ ಪೂವಪ್ಪ ಅವರ ಎಡಗಾಲಿನ ಹುಣ್ಣು ಇವತ್ತಿಗೆ ಮುಚ್ಚಿರಬೇಕು. ಇಲ್ಲವಾದರೆ ಪಾದವನ್ನೇ ತೆಗೆಯಬೇಕೆಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದಾರೆ.

ಹೆಲನ್ ಅವರಿಗೆ ಅರವತ್ತೊಂದು. ಗಂಡ ದುಡಿಯುತ್ತಿದ್ದ ಹಂಚಿನ ಕಾರ್ಖಾನೆ ಮುಚ್ಚಿತು. ಮರುವರ್ಷ ಗಂಡನೂ ತೀರಿಕೊಂಡರು. ಆಸ್ಪತ್ರೆಯೊಂದರಲ್ಲಿ ಇಪ್ಪತ್ತೆಂಟು ವರ್ಷ ಆಯಾ ಆಗಿದ್ದು, ಈಗ ಮನೆಮನೆಗೆ ಹೋಗಿ ಗಾಯ ತೊಳೆಯುತ್ತಾರೆ. ಬೆಂಗ್ರೆಯಿಂದ ಪಡೀಲ್‌ವರೆಗೆ ದಿನಕ್ಕೆ ಆರು ಮನೆ, ಎರಡು ದೋಣಿ, ನಾಲ್ಕು ಬಸ್ಸು.

ಜೆಪ್ಪುವಿನ ತಮ್ಮ ಬಾಡಿಗೆ ಮನೆಯಲ್ಲಿ ಬೆಳಗಿನ ನಾಲ್ಕೂವರೆಗೆ ಚಹಾ ಕುದಿಯಲಿಟ್ಟು ಬೈಬಲ್ ತೆರೆಯುತ್ತಾರೆ. ಆ ಓದಿಗೊಂದು ವಿಚಿತ್ರ ಕಟ್ಟಳೆಯಿದೆ: ಓದಿದ್ದನ್ನು ಮಾಡಿ ಮುಗಿಸದೆ ಪುಟ ತಿರುಗಿಸುವಂತಿಲ್ಲ. ವೈರಿಯನ್ನು ಪ್ರೀತಿಸಬೇಕೆಂಬಲ್ಲಿ ಒಂದೂವರೆ ವರ್ಷ ಸಿಕ್ಕಿಬಿದ್ದಿದ್ದರು. "ನಾದಿನಿಯೊಟ್ಟಿಗೆ ಮಾತಿರಲಿಲ್ಲ ಮಾರಾಯ್ರೇ. ಅವಳೂ ಗಟ್ಟಿ, ನಾನೂ ಗಟ್ಟಿ" ಎಂದು ನಗುತ್ತಾರೆ. ಚರ್ಚಿನ ಗೆಳತಿಯರು ವರ್ಷಕ್ಕೊಮ್ಮೆ ಇಡೀ ಗ್ರಂಥ ಓದಿ ಮುಗಿಸುತ್ತಾರಂತೆ. ಮತ್ತಾಯನ ಸುವಾರ್ತೆಯಿಂದ ಹೊರಟ ಇವರು ಹತ್ತೊಂಬತ್ತು ವರ್ಷಗಳಲ್ಲಿ ಯೋಹಾನನ ಹದಿಮೂರನೆಯ ಅಧ್ಯಾಯ ತಲುಪಿದ್ದಾರೆ. ಕೇಳಿದವರಿಗೆ ಮೊದಲು ನಗು ಬರುತ್ತದೆ, ಆಮೇಲೆ ಮೈ ಜುಮ್ಮೆನ್ನುತ್ತದೆ.

ಆ ಅಧ್ಯಾಯದಲ್ಲಿ ಯೇಸುಸ್ವಾಮಿ ಶಿಷ್ಯರ ಕಾಲು ತೊಳೆಯುತ್ತಾರೆ. ದಿನಾ ಕಾಲು ತೊಳೆಯುವ ತನಗೆ ಇದೆಷ್ಟರ ಕೆಲಸ ಎಂದುಕೊಂಡಿದ್ದರು ಹೆಲನ್. ಅದೇ ವಾರ ಪೂವಪ್ಪ ಬ್ಯಾಂಡೇಜ್ ಕಟ್ಟಿದ ಕಾಲಲ್ಲೇ ನೀರಿಗಿಳಿದು ದೋಣಿ ತಳ್ಳಿದರು. ಹುಣ್ಣಿನಲ್ಲಿ ಹುಳ ಬಿತ್ತು. "ನಿಮಗೇ ಬೇಡದ ಕಾಲು ನನಗೆ ಎಂತಕ್ಕೆ? ನಾಳೆಯಿಂದ ಬರುವುದಿಲ್ಲ" ಎಂದು ಹೆಲನ್ ಚೀಲ ಎತ್ತಿಕೊಂಡು ಹೊರಟುಬಿಟ್ಟರು.

ಮರುದಿನ ಬೆಳಿಗ್ಗೆ ಮತ್ತೆ ಅದೇ ಪುಟ. ತನ್ನನ್ನು ವೈರಿಗಳಿಗೆ ಹಿಡಿದುಕೊಡಲಿದ್ದ ಶಿಷ್ಯನ ಕಾಲನ್ನೂ ಗುರು ತೊಳೆಯದೆ ಬಿಡಲಿಲ್ಲ ಎಂಬುದು ಆಗ ಕಣ್ಣಿಗೆ ಬಿತ್ತು. ಚಹಾವನ್ನೂ ಕುಡಿಯದೆ ದೋಣಿ ಹತ್ತಿದರು. ಅಂದಿನಿಂದ ಎಂಟು ತಿಂಗಳು, ಒಂದು ದಿನವೂ ತಪ್ಪಿಲ್ಲ. "ಕಾಲು ಗುಣ ಆಗುವವರೆಗೆ ಪುಟ ತಿರುಗಿಸುವುದಿಲ್ಲ ಅಂತ ಹಠ ಹಿಡಿದ್ರು ಹೆಲನ್ ಸಿಸ್ಟರ್. ಹೆತ್ತ ಮಕ್ಕಳೂ ಹೀಗೆ ನೋಡ್ಲಿಕ್ಕಿಲ್ಲ" ಎನ್ನುತ್ತಾ ಪೂವಪ್ಪ ಅವರ ಹೆಂಡತಿ ಲಕ್ಷ್ಮೀ ಕಣ್ಣೊರೆಸಿಕೊಳ್ಳುತ್ತಾರೆ. ದೇವರ ಮಾತನ್ನು ಬಾಯಲ್ಲಿ ಹೇಳುವವರು ಬೇಕಾದಷ್ಟಿದ್ದಾರೆ. ಹೀಗೆ ಕಾಲನ್ನು ಮಡಿಲಲ್ಲಿಟ್ಟುಕೊಂಡು ತೊಳೆಯುವವರನ್ನು ಕಂಡರೆ ಕೈಮುಗಿಯಬೇಕೆನಿಸುತ್ತದೆ.

ಇಂದು ಬ್ಯಾಂಡೇಜಿನ ಕೊನೆಯ ಸುತ್ತು ಬಿಚ್ಚಿಕೊಳ್ಳುತ್ತದೆ. ಕೀವಿಲ್ಲ, ನೀರಿಲ್ಲ, ತೆಳ್ಳಗಿನ ಹೊಸ ಚರ್ಮ. ಹೆಲನ್ ಸುತ್ತಲೂ ಎರಡೆರಡು ಸಲ ಮುಟ್ಟಿ ನೋಡುತ್ತಾರೆ.

"ಮುಚ್ಚಿತು ಪೂವಪ್ಪಣ್ಣ. ಕಾಲು ನಿಮ್ಮದೇ."

ಬೀಳ್ಕೊಡಲು ಪೂವಪ್ಪ ಜೆಟ್ಟಿಯವರೆಗೆ ನಿಧಾನವಾಗಿ ನಡೆದೇ ಬರುತ್ತಾರೆ. "ಚಪ್ಪಲ್ ಕಳಚಿದ್ರೆ ನೋಡಿ ಮತ್ತೆ!" ಎಂದು ದೋಣಿಯಿಂದ ಹೆಲನ್ ಗದರುತ್ತಾರೆ.

ಹಾಗಾದರೆ ನಾಳೆ ಹದಿನಾಲ್ಕನೆಯ ಅಧ್ಯಾಯವೇ? ಚರ್ಚಿನಲ್ಲಿ ಅದನ್ನು ಎಷ್ಟೋ ಸಲ ಕೇಳಿರಬೇಕಲ್ಲ?

"ಕಿವಿಯಲ್ಲಿ ಕೇಳಿದ್ದೇನೆ" ಎನ್ನುತ್ತಾರೆ ಹೆಲನ್. "ಕೈಯಲ್ಲಿ ಇನ್ನು ಓದ್ಬೇಕಷ್ಟೆ."