ಮಾಣಿಕಪ್ಪ ಕಾಯ್ದ ಹೊಗೆ

ತುರೋರಿಯ ಸಡಕಿನಿಂದ ಒಂದು ಹರದಾರಿ ಒಳಗಿದ್ದ ಹಳ್ಳಿಯಲ್ಲಿ ಮಾಣಿಕಪ್ಪನೆಂಬ ಒಕ್ಕಲುತನದವನಿದ್ದ. ಹನ್ನೊಂದು ಎಕರೆ ಎರೆಹೊಲ, ಒಂದು ಜೋಡಿ ಎತ್ತು, ಕೊರಳಲ್ಲಿ ಲಿಂಗ, ಮಾತು ಕಡಿಮೆ. ಅವನ ವಿಷಯದಲ್ಲಿ ಊರಿನವರು ಒಂದು ಸಂಗತಿಯನ್ನು ಮಾತ್ರ ಹೇಳುತ್ತಿದ್ದರು. ೧೯೪೮ರ ಪೊಲೀಸ್ ಕಾರ್ಯಾಚರಣೆಗೆ ಮುಂಚಿನ ಗಲಾಟೆಯಲ್ಲಿ ಜನ ಮನೆ ಬಿಟ್ಟು ಸೊಲ್ಲಾಪುರ ಸೀಮೆಗೆ ಓಡಿದಾಗ ಇವನು ದನಗಳಿಗೆ ನೀರು ಕುಡಿಸಲೆಂದು ಹಿಂದೆ ಉಳಿದ. ಹೋಗುವವರು ತಮ್ಮ ತಮ್ಮ ಗಂಟುಗಳನ್ನು ಇವನ ಕೈಗಿಟ್ಟರು. ಮರಳಿ ಬಂದಾಗ ಪ್ರತಿಯೊಂದು ಗಂಟೂ ಬಿಚ್ಚದೆ ಹಾಗೆಯೇ ಅವರಿಗೆ ಸಿಕ್ಕಿತು. ಒಬ್ಬ ಮುದುಕಿಯ ಮೂಗುತಿ ಅವಳು ಸುತ್ತಿಕೊಟ್ಟ ಚಿಂದಿಯಲ್ಲಿಯೇ ಇತ್ತಂತೆ. ಇಂಥ ಕತೆಗಳನ್ನು ನಾನು ಸುಲಭವಾಗಿ ನಂಬುವವನಲ್ಲ. ಆದರೆ ಇದನ್ನು ಮಾಣಿಕಪ್ಪನನ್ನು ಕಂಡರಾಗದವರೂ ಅಲ್ಲಗಳೆಯುತ್ತಿರಲಿಲ್ಲ.

ಆ ಒಳ್ಳೆಯ ಹೆಸರೇ ಅವನನ್ನು ಸಿಕ್ಕಿಸಿತು. ೧೯೫೧ರ ಸುಗ್ಗಿಯಲ್ಲಿ, ಸರಕಾರ ಗೊತ್ತುಮಾಡಿದ ಬೆಲೆಗೆ ಇಂತಿಷ್ಟು ಜೋಳವನ್ನು ಕೊಡಲೇಬೇಕೆಂಬ ಲೆವಿಯ ಹುಕುಂ ಬಂದಿತ್ತು. ಮಾಣಿಕಪ್ಪನ ಮನೆಯೂ ಸೇರಿ ಹನ್ನೊಂದು ಮನೆಯವರು ತಮ್ಮ ಜೋಳದ ಒಂದು ಪಾಲನ್ನು ಅಡಗಿಸಲು ನಿಶ್ಚಯಿಸಿದರು. ಊರೊಳಗಿನ ಹಗೇವುಗಳು, ಅಂದರೆ ನೆಲದಲ್ಲಿ ತೋಡಿ ಒಳಗೆಲ್ಲ ಕಣಿಕೆಯ ದಂಟು ಹಾಸಿ ಕಾಳು ತುಂಬುವ ಕಣಜಗಳು, ಲೆವಿ ವಸೂಲಿಯ ಅಧಿಕಾರಿಯಾದ ಗಿರದಾವರನಿಗೆ ಗೊತ್ತಿದ್ದವು. ಊರ ಹಿಂದಿನ ಬೋಳಗುಡ್ಡದ ನೆತ್ತಿಯ ಮೊರಂ ಗರಸಿನ ನೆಲದಲ್ಲಿ ಮಾಣಿಕಪ್ಪನ ತಂದೆ ತೋಡಿದ್ದ ಹಗೇವು ಮಾತ್ರ ಯಾರ ನೆನಪಿನಲ್ಲೂ ಇರಲಿಲ್ಲ. ಅದನ್ನು ತುಂಬಿ, ಬಾಯಿಗೆ ಚಪ್ಪಡಿ ಎಳೆದು, ಮಣ್ಣು ಮೆತ್ತಿ, ಮೇಲೆ ಜಾಲಿಮುಳ್ಳು ಒಟ್ಟಿದರು. ಕಾಯುವ ಕೆಲಸ ಮಾಣಿಕಪ್ಪನದಾಯಿತು.

ಕಾರ್ತಿಕದಲ್ಲಿ ಅಕಾಲದ ಮಳೆ ಬಂತು. ಚಪ್ಪಡಿ ಒಂದು ಬದಿಗೆ ಕುಸಿದು ನೀರು ಒಳಗೆ ಇಳಿಯಿತು. ತೊಯ್ದ ಜೋಳ ತಾನಾಗಿ ಕಾಯುತ್ತದೆ; ತಿಪ್ಪೆಯೊಳಗೆ ಕೈಯಿಟ್ಟವರಿಗೆ ಇದನ್ನು ಹೇಳಬೇಕಾಗಿಲ್ಲ. ಪುಷ್ಯಮಾಸದ ಚಳಿಯಲ್ಲಿ ಆ ಬಿಸಿ ಉಸಿರು ಬೆಳಗಿನ ಜಾವಕ್ಕೆ ಬೆಳ್ಳಗೆ ಕಾಣಿಸತೊಡಗಿತು. ಬಿಸಿಲೇರಿದ ಮೇಲೆ ಮಾಯವಾಗುತ್ತಿತ್ತು. ಗುಡ್ಡದಲ್ಲಿ ಹೊಗೆ ಏಳುತ್ತಿದೆಯೆಂದು ಊರೆಲ್ಲ ಬೆರಗುಪಟ್ಟಿತು. ಅದು ಜೋಳ ಕೊಳೆಯುವ ಹಬೆಯೆಂಬುದು ಹನ್ನೊಂದು ಮನೆಗಳಿಗೆ ಮಾತ್ರ ಗೊತ್ತಿತ್ತು. ಬಾಯಿ ತೆರೆದು ಜೋಳ ಒಣಗಿಸಿದರೆ ಉಳಿದದ್ದಾದರೂ ಉಳಿಯುತ್ತಿತ್ತು. ಆದರೆ ಬಯಲಾದ ಗುಡ್ಡದ ಮೇಲೆ ಜೋಳ ಹರವಿದರೆ ಗುಟ್ಟೂ ಬಯಲಾಗುತ್ತಿತ್ತು. ಗಿರದಾವರ ಹಳ್ಳಿಗಳ ದೌರೆ ಮುಗಿಸಿ ಹೋಗಲಿ, ಇನ್ನು ಎಂಟು ದಿನ ತಡೆಯೆಂದು ಉಳಿದ ಹತ್ತು ಮನೆಯವರೂ ಹೇಳಿದರು. ಎಂಟು ದಿನದ ಮೇಲೆ ಮತ್ತೆ ಎಂಟು ದಿನ ಅಂದರು.

ಈ ನಡುವೆ ಶಾಲೆಯ ದಿಗಂಬರ ಮಾಸ್ತರರು ಮರಾಠಿ ಭೂಗೋಳದ ಪುಸ್ತಕ ತೆರೆದು, ನಮ್ಮ ಕರಿಕಲ್ಲೆಲ್ಲ ಹಿಂದೊಮ್ಮೆ ಭೂಮಿಯೊಳಗಿನಿಂದ ಉಕ್ಕಿದ ಬೆಂಕಿಯ ರಸವೆಂದು ಮಕ್ಕಳಿಗೆ ಪಾಠ ಹೇಳಿದರು. ಆ ಪಾಠ ನಿಜವಾದದ್ದೇ. ಅದು ಕೋಟ್ಯಂತರ ವರ್ಷಗಳ ಹಿಂದಿನ ಸಂಗತಿಯೆಂಬ ಭಾಗ ಮಕ್ಕಳ ಬಾಯಿಯಿಂದ ಮನೆ ತಲುಪುವಷ್ಟರಲ್ಲಿ ಉದುರಿಹೋಗಿತ್ತು. ಬೋಳಗುಡ್ಡ ಜ್ವಾಲಾಮುಖಿಯಾಯಿತು. ಹತ್ತಿರ ಯಾರೂ ಹೋಗದಿರಲೆಂದು ಮಾಣಿಕಪ್ಪನೂ ಹೌದೆಂದ. ಬದುಕಿನಲ್ಲಿ ಅವನು ಲೆಕ್ಕ ಮಾಡಿ ಹೇಳಿದ ಮೊದಲ ಸುಳ್ಳು ಅದು, ಮತ್ತು ಆ ಲೆಕ್ಕ ತಪ್ಪಿತ್ತು. ಜ್ವಾಲಾಮುಖಿಯೆಂದರೆ ಜನ ದೂರ ಹೋಗುವುದಿಲ್ಲ, ನೋಡಲು ಬರುತ್ತಾರೆ. ತುರೋರಿಯಲ್ಲಿ ಮೋಟಾರು ನಿಂತರೆ ಪ್ರಯಾಣಿಕರು ಗುಡ್ಡದ ದಾರಿ ಕೇಳತೊಡಗಿದರು. ಅವರು ತಾವಾಗಿ ಅಲೆದು ಚಪ್ಪಡಿಯ ಮೇಲೆ ಕಾಲಿಡುವುದಕ್ಕಿಂತ ತಾನೇ ಮುಂದೆ ನಿಂತು ಕರೆದೊಯ್ಯುವುದು ವಾಸಿಯೆಂದು ಅವನು ಕಂಡುಕೊಂಡ. ಹೀಗೆ ತನ್ನ ಕೈಯಲ್ಲಿ ಕೊಳೆಯುತ್ತಿದ್ದ ಜೋಳವನ್ನು ದಿನಾ ಬೆಳಗ್ಗೆ ಪರಸ್ಥಳದವರಿಗೆ ತೋರಿಸುವ ಕೆಲಸ ಅವನ ಪಾಲಿಗೆ ಬಂತು.

ಜನವರಿಯ ಕೊನೆಯಲ್ಲಿ ನಾನು ಕಲಬುರ್ಗಿಗೆ ಹೋಗುವಾಗ ನಮ್ಮ ಮೋಟಾರಿನ ಅಚ್ಚು ತುರೋರಿಯಲ್ಲಿ ಮುರಿಯಿತು. ಹೊಸ ಅಚ್ಚು ಬರಲು ಒಂದು ದಿನವೆಂದರು. ಮರುದಿನ ಬೆಳ್ಳಿಚುಕ್ಕಿ ಮೂಡಿದ ಮೇಲೆ ನಾವು ನಾಲ್ವರು ಮಾಣಿಕಪ್ಪನ ಕಂದೀಲಿನ ಹಿಂದೆ ಹೊರಟೆವು. ಹೊಸಬರಿಗೆ ವಿವರಿಸಲೆಂದು ದಿಗಂಬರ ಮಾಸ್ತರರು ಬಂದಿದ್ದರು. ಉದಗೀರದ ಅರಿವೆ ವ್ಯಾಪಾರಿ ವಿಶ್ವನಾಥಪ್ಪ, ನಾನು, ಮತ್ತು ಕಿವಿಗೆ ಮಫ್ಲರು ಸುತ್ತಿದ್ದ, ಹೆಸರು ಹೇಳದ ಒಬ್ಬ ಗೃಹಸ್ಥ. ದಾರಿಯ ಎರಡೂ ಬದಿಯ ಜೋಳ ಹಾಲುಗಾಳಿನಲ್ಲಿತ್ತು; ಇಬ್ಬನಿಗೆ ಧೋತರ ಮೊಣಕಾಲಿನವರೆಗೆ ತೊಯ್ದಿತು.

"ಗುಡ್ಡದ ಕಾಲಾಗ ಜೋಡ ಬಿಡ್ಬೇಕ್ರಿ," ಎಂದ ಮಾಣಿಕಪ್ಪ. "ಬೀಡಿ ಹಚ್ಚಬಾರ್ದು. ಮ್ಯಾಲ ಸುಣ್ಣದ ಕಲ್ಲಿನ ಗೆರಿ ಅದ, ಅದನ್ನ ದಾಟಬಾರ್ದು."

"ದಾಟಿದ್ರ?" ವಿಶ್ವನಾಥಪ್ಪ ಕೇಳಿದ.

"ದಾಟಿದೋರು ತಿರುಗಿ ಬಂದಿಲ್ರಿ ಸಾವಕಾರ್ರ."

"ಯಾರ್ ಯಾರ್ ದಾಟ್ಯಾರ ಇಲ್ಲೀತನಕ?"

ಮಾಣಿಕಪ್ಪ ಕಂದೀಲಿನ ಬತ್ತಿ ಏರಿಸಿ ಹೇಳಿದ, "ಯಾರೂ ದಾಟಿಲ್ರಿ."

ವಿಶ್ವನಾಥಪ್ಪ ನನ್ನ ಕಡೆ ವಾಲಿದ. "ನಾ ಅರಿವಿ ಮಾರಾವ್ರಿ. ಯಾವ ಬಣ್ಣ ಆದ್ರೂ ತೊಯಿಸಿ ನೋಡ್ದೆ ನಂಬೂದಿಲ್ಲ. ಈಂವಾ ಒಳಗ ಸಗಣಿ ಕುಳ್ಳ ಹಚ್ಚಿಟ್ಟಾನ, ನೋಡ್ರಿ ಬೇಕಾದ್ರ."

ಗುಡ್ಡದ ಬುಡದಲ್ಲಿ ಮಫ್ಲರಿನವರೊಬ್ಬರು ಮಾತ್ರ ಜೋಡು ಬಿಡಲಿಲ್ಲ. ಅವು ಸರಕಾರಿ ಬೂಟುಗಳು. ಮಾಣಿಕಪ್ಪ ಕಂದೀಲನ್ನು ಒಮ್ಮೆ ಕೆಳಗಿಳಿಸಿ ಅವುಗಳನ್ನು ನೋಡಿದ್ದನ್ನು ನಾನು ಗಮನಿಸಿದೆ. ಆಮೇಲೆ ಅವನ ನಡಿಗೆ ನಿಧಾನವಾಯಿತು. ಬಿಸಿಲು ಬಿದ್ದು ಹೊಗೆ ಕರಗಿದ ಮೇಲೆ ನಾವು ಮೇಲೆ ತಲುಪಲೆಂದು ಅವನು ಬಯಸಿದ್ದನೆಂದು ಈಗ ತೋರುತ್ತದೆ.

ತಲುಪಿದಾಗ ಮೂಡಣ ಕೆಂಪಾಗುತ್ತಿತ್ತು. ಬೋಳು ನೆತ್ತಿ, ಸುಣ್ಣ ಬಳಿದ ಕಲ್ಲುಗಳ ಸಾಲು, ಅದರಾಚೆ ಇಪ್ಪತ್ತು ಹೆಜ್ಜೆಯಲ್ಲಿ ಮುಳ್ಳಿನ ಒಟ್ಟಿಲು. ಒಟ್ಟಿಲ ನಡುವಿನಿಂದ ಮೊಳ ದಪ್ಪದ ಬಿಳಿ ಹಬೆ ನೆಟ್ಟಗೆ ಏಳುತ್ತಿತ್ತು. ಸೂರ್ಯನ ಮೊದಲ ಅಂಚು ಕಾಣಿಸಿದಾಗ ಅದಕ್ಕೆ ದಾಸಾಳದ ಬಣ್ಣ ಬಂತು. ಅದು ಚೆಲುವಾಗಿತ್ತೆಂಬುದನ್ನು ನಾನು ಒಪ್ಪಿಕೊಳ್ಳಬೇಕು.

"ಗಂಧಕದ ವಾಸ ಬರ್ತದ ನೋಡ್ರಿ," ಎಂದರು ಮಾಸ್ತರರು.

ಗಂಧಕದ ವಾಸನೆಯನ್ನು ನಾನು ಬಲ್ಲೆ. ಇದು ಮೂರು ದಿನದ ಅಂಬಲಿಯ ಹುಳಿ ನಾತ. ನನ್ನ ಅಜ್ಜನ ಮನೆಯಲ್ಲಿ ಹಗೇವು ತೆರೆದ ದಿನ ಅಂಗಳದಲ್ಲೆಲ್ಲ ಇದೇ ನಾತವಿರುತ್ತಿತ್ತು. ಮಾಣಿಕಪ್ಪನ ಮುಖ ನೋಡಿದೆ. ಅವನು ಹಬೆಯನ್ನು ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ ಮೂಗಿನಿಂದ ಉಸಿರು ಎಳೆಯುತ್ತಿದ್ದ. ನಿನ್ನೆಗಿಂತ ಇವತ್ತು ಎಷ್ಟು ಕೆಟ್ಟಿದೆಯೆಂದು ಅಳೆಯುತ್ತಿದ್ದನೋ ಏನೋ. ಮಾಸ್ತರರ ಗಂಧಕಕ್ಕೆ ನಾನು ತಲೆಯಾಡಿಸಿದೆ.

ಆಗ ಮಫ್ಲರಿನವರು ಕಲ್ಲಿನ ಸಾಲನ್ನು ದಾಟಿದರು.

"ಸಾಹೇಬ, ಬ್ಯಾಡ್ರಿ," ಎಂದ ಮಾಣಿಕಪ್ಪ.

"ಎಂಟ್ ದಿನದಿಂದ ಕೇಳ್ಲಿಕ್ಕತ್ತೀನಿ ನಿನ್ನ ಜ್ವಾಲಾಮುಖಿ ಸುದ್ದಿ. ಬೆಂಕಿ ಹಚ್ಚಿ ಮಂದಿಗಿ ಮೋಸ ಮಾಡಾವನ ಬೆಂಕೀನ ನಾ ಹೊರಗ ತೆಗೀತೀನಿ." ಬೂಟಿನಿಂದ ಮುಳ್ಳು ಸರಿಸಿದರು. ಓರೆಯಾಗಿ ಕುಸಿದ ಚಪ್ಪಡಿಯ ಪಕ್ಕದಲ್ಲಿ ಮನುಷ್ಯನೊಬ್ಬ ನುಸುಳುವಷ್ಟು ಕಂಡಿ ಬಿದ್ದಿತ್ತು. ಕೆಳಗೆ ಕತ್ತಲು. ಅವರು ಅಂಚಿನಲ್ಲಿ ಕುಳಿತು ಕಾಲು ಇಳಿಬಿಟ್ಟರು.

ಕೊಳೆಯುವ ಕಾಳು ಗಾಳಿಯ ಪ್ರಾಣಭಾಗವನ್ನು ತಿಂದು ಭಾರವಾದ ವಿಷಗಾಳಿಯನ್ನು ಬಿಡುತ್ತದೆ. ಅದು ಬಾವಿಯ ನೀರಿನ ಹಾಗೆ ತಳದಲ್ಲಿ ನಿಲ್ಲುತ್ತದೆ. ಹಾಗೆ ಇಳಿದವನು ಕೂಗಲೂ ಆಗದೆ ಕುಸಿಯುತ್ತಾನೆ. ಇದನ್ನು ನಾನು ಓದಿ ತಿಳಿದಿದ್ದೆ, ಆದರೂ ಬಾಯಿ ತೆರೆಯುವುದರಲ್ಲಿ ಮಾಣಿಕಪ್ಪನೇ ಮೊದಲಾದ. ಅವನು ಓಡಿಹೋಗಿ ಅವರ ರಟ್ಟೆ ಹಿಡಿದಿದ್ದ.

"ಅದು ಹಗೇವ್ರಿ ಸಾಹೇಬ. ಜೋಳ ಅದ ಒಳಗ. ಇಳದ್ರ ಸಾಯ್ತೀರಿ."

ಅವರು ನಕ್ಕರು. "ಇಷ್ಟ್ ದಿನ ಜ್ವಾಲಾಮುಖಿ, ಈಗ ಹಗೇವು. ಕಾಲ ಮ್ಯಾಲ ತಗೊಂಡ್ರ ಮತ್ತೇನ್ ಆಗ್ತದ? ಬಿಡು ಕೈ."

"ನಿಮ್ಮ ಪಾದ ಹಿಡೀತೀನಿ. ಒಂದ್ ದೀಪ ಇಳಸ್ತೀನಿ, ನೋಡ್ರಿ ಮದಲ."

ವಿಶ್ವನಾಥಪ್ಪ ತನ್ನ ತಲೆಯ ಪಟಗಾ ಬಿಚ್ಚಿ ಕೊಟ್ಟ. "ಹನ್ನೆರಡ ಮೊಳ ಅದ. ಸುಟ್ಟೀ ಮತ್ತ, ಹೊಸಾದು." ಅದರ ತುದಿಗೆ ಕಂದೀಲು ಕಟ್ಟಿ ಇಳಿಸಿದರು. ಎರಡು ಮೊಳ ಇಳಿಯುವಷ್ಟರಲ್ಲಿ ಜ್ಯೋತಿ ಕುಗ್ಗಿ ಆರಿತು.

"ಗಾಳಿ," ಎಂದರು ಸಾಹೇಬರು.

ಮತ್ತೆ ಹಚ್ಚಿ, ಗಾಜನ್ನು ಬಿಗಿಮಾಡಿ ಇಳಿಸಿದರು. ಮತ್ತೆ ಅದೇ ಆಳದಲ್ಲಿ ಆರಿತು. ಒಳಗೆ ಗಾಳಿಯಾಡಿದ್ದರೆ ಹಬೆ ಇಷ್ಟು ನೆಟ್ಟಗೆ ಏಳುತ್ತಿರಲಿಲ್ಲವೆಂದು ನಾನು ಹೇಳಿದೆ. ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ನೀವ್ ಇಂವಗ ಬೀಗರೇನ್ರಿ?"

ಮೂರನೆಯ ಸಲ ಕಂದೀಲನ್ನು ತಾವೇ ಹಿಡಿದು ಇಳಿಸಿದರು. ಅದು ಆರಿದ ಮೇಲೆ ಕಾಲುಗಳನ್ನು ಮೆಲ್ಲಗೆ ಮೇಲೆಳೆದುಕೊಂಡು, ಕಲ್ಲಿನ ಮೇಲೆ ಕುಳಿತು, ಮಫ್ಲರು ಬಿಚ್ಚಿ ಬೆವರು ಒರೆಸಿಕೊಂಡರು. ಮಾಸ್ತರರು ಮುಖದ ಗುರುತು ಹಿಡಿದರು; ಆಗಲೇ ಅವರು ಲೆವಿಯ ಗಿರದಾವರರೆಂದು ನನಗೆ ತಿಳಿದದ್ದು.

"ಜೋಳ ಯಾರ್ದು?"

"ನಂದ್ರಿ."

"ಹೊಲ ಎಷ್ಟ್ ಅದ ನಿಂದು?"

"ಹನ್ನೊಂದ ಎಕರೆ."

ಗಿರದಾವರರು ಮುಳ್ಳಿನ ಬದಿಯಲ್ಲಿದ್ದ ಒಂದು ಉದ್ದನೆಯ ಗಳುವನ್ನು ಕಂಡಿಯೊಳಗೆ ಅಡ್ಡಡ್ಡ ತಿರುಗಿಸಿ ಅಗಲ ನೋಡಿದರು. "ಇದು ಊರ ಮಂದೀ ಜೋಳ."

"ಈ ಸಲ ಛಲೋ ಬೆಳದಿತ್ರಿ," ಎಂದ ಮಾಣಿಕಪ್ಪ.

ಅದನ್ನು ಮಾಸ್ತರರೂ ನಂಬಲಿಲ್ಲ. ಅವರು ಅಷ್ಟು ಹೊತ್ತೂ ದೂರ ನಿಂತು ಯೋಚಿಸುತ್ತಿದ್ದರು. "ಪುಸ್ತಕದಾಗ ಇದ್ದದ್ದೇನ್ ಸುಳ್ಳಲ್ಲ," ಎಂದು ಯಾರಿಗೂ ಅಲ್ಲದಂತೆ ಹೇಳಿದರು.

ಬಾಯಿ ತೆರೆದ ಹಗೇವನ್ನು ಅಂದೇ ಬರಿದು ಮಾಡಬೇಕು. ಗಾಳಿ ತಾಕಿದರೆ ಒಳಗಿನ ಕಾವು ಇಮ್ಮಡಿಯಾಗುತ್ತದೆ. ಚಪ್ಪಡಿ ಉರುಳಿಸಿ, ಕಂಬಳಿ ಬೀಸಿ ಒಳಗಿನ ಗಾಳಿಯನ್ನು ಕದಡಿದರು. ನೆತ್ತಿಯ ಮೇಲೆ ಬಿಸಿಲು ಬಂದಾಗ ದೀಪ ಕೊಳೆತು ತಗ್ಗಿದ್ದ ಜೋಳದವರೆಗೂ ಉರಿಯಿತು. ಮೇಲಿನ ಆಳುದ್ದ ಕಪ್ಪು ಹೆಂಟೆಯಾಗಿತ್ತು. ಅದರ ಕೆಳಗೆ ಮಾಣಿಕಪ್ಪ ಮುಷ್ಟಿ ತುಂಬ ತೆಗೆದದ್ದು ಬೆಳ್ಳನೆಯ ಒಣಕಾಳು. ಮೇಲೆತ್ತಲು ಮೂವತ್ತು ಜನ ಬೇಕು. ಗಿರದಾವರರು ದಾರಿ ಕಾಣುವಂತೆ ಒಂದು ಬಂಡೆಯ ಮೇಲೆ ಕುಳಿತು ಹೇಳಿದರು, "ಕರಿ ನಿನ್ನ ಮಂದೀನ. ಯಾರ್ ಬರ್ತಾರ ನೋಡ್ತೀನಿ."

ಜೋಳ ಯಾರದೋ ಅವರೇ ಬರುತ್ತಾರೆಂಬ ಅವರ ತರ್ಕ ನನಗೂ ಸರಿಯೆನಿಸಿತು. ಮೊದಲು ಬಂದವಳು ಮಾಣಿಕಪ್ಪನ ಹೆಂಡತಿ ಗಿರಿಜಾಬಾಯಿ. ಮೊರ, ಬುಟ್ಟಿ, ಮುಖದ ತುಂಬ ಸಿಟ್ಟು. "ಮಂದೀದ್ ಕಾಯ್ಕೊಂತ ಕೂತು ಮನೀದ್ ಕಳಕೊಂಡಿ," ಎಂದಳು. ಬಹಳ ಹೊತ್ತು ಮತ್ತೆ ಯಾರೂ ಬರಲಿಲ್ಲ. ಕೆಳಗೆ ಬೇವಿನ ಮರದ ನೆರಳಿನಲ್ಲಿ ಪಟಗಾಗಳ ಒಂದು ಗುಂಪು ನಿಂತು ಮೇಲೆ ನೋಡುತ್ತಿತ್ತು, ಕದಲುತ್ತಿರಲಿಲ್ಲ. ಕಡೆಗೆ ಹತ್ತು ಬುಟ್ಟಿಗೆ ಒಂದು ಬುಟ್ಟಿ ಕೂಲಿಯೆಂದು ಮಾಣಿಕಪ್ಪ ಊರಂಚಿನ ಹೊಲವಿಲ್ಲದ ಮನೆಗಳಿಗೆ ಹೇಳಿಕಳಿಸಿದ. ಅವರು ಬಂದರು. ಮುಂದೆ ಸರುಬಾಯಿಯೆಂಬ ಗಟ್ಟಿ ಹೆಂಗಸು. "ಜೋಳ ಯಾರ್ದೋ, ತಲಿ ನಮ್ದು," ಎನ್ನುತ್ತ ಮೊದಲ ಬುಟ್ಟಿ ಹೊತ್ತಳು. "ಮಾಲಕರು ಬೇವಿನ ಗಿಡದ ಕೆಳಗ ತಂಪ ಉಣ್ಲಿ."

ಗಿರದಾವರರು ಬಂದವರ ಹೆಸರು ಬರೆಯತೊಡಗಿದ್ದರು. ಆರೇಳು ಹೆಸರಾದ ಮೇಲೆ ಸರುಬಾಯಿಯ ಮಾತು ಕಿವಿಗೆ ಬಿದ್ದು ಕೈ ನಿಂತಿತು. ತಲೆಯೆತ್ತಿ ಕೆಳಗಿನ ಮರದ ಕಡೆ ನೋಡಿದರು. ಬಂದವರಲ್ಲ, ಬಾರದವರು ಮಾಲಕರು. ನೆರಳಿನಲ್ಲಿ ನಿಂತವರನ್ನು ಬೆರಳು ಮಡಿಸಿ ಎಣಿಸಿದರು: ಹತ್ತು. ಮಾಣಿಕಪ್ಪನನ್ನು ಸೇರಿಸಿದರೆ ಹನ್ನೊಂದು.

ಅವರಿಗೆ ಬೇಕಾದದ್ದೆಲ್ಲ ಸಿಕ್ಕಿತ್ತು. ಆದರೂ ಪಂಚನಾಮೆಯಲ್ಲಿ ಮಾಣಿಕಪ್ಪನ ಹೆಸರೊಂದನ್ನೇ ಬರೆದರು. ಬದುಕಿಸಿದ ಋಣವೆಂದು ವಿಶ್ವನಾಥಪ್ಪ ನನ್ನ ಕಿವಿಯಲ್ಲಿ ಹೇಳಿದ. ಅಷ್ಟು ಸರಳವಾದ ಕಾರಣವನ್ನು ನಾನು ನಂಬಲಾರೆ. ಹನ್ನೊಂದು ಪಂಚನಾಮೆಗಳಿಗೆ ಬಹಳ ಬರೆಯಬೇಕಾಗುತ್ತದೆ, ಮತ್ತು ಅವರು ಹೊತ್ತು ಮುಳುಗುವ ಮುನ್ನ ಲೋಹಾರಾ ಊರು ಸೇರಬೇಕಿತ್ತು. ಸತ್ತೇ ಹೋಗುತ್ತಿದ್ದೆನೆಂದು ತಾವು ಬೆವರಿದ್ದನ್ನು ಹನ್ನೊಂದು ಪಂಚನಾಮೆಗಳಲ್ಲಿ ಬರೆಯಲು ಮನಸ್ಸಾಗಲಿಲ್ಲವೆಂದೂ ಇರಬಹುದು. ಲೆವಿಯ ಪಾಲು ಬಂಡಿಯೇರಿತು. ಮಾಣಿಕಪ್ಪ ಎಂಟನೆಯ ದಿನ ಉಮರ್ಗಾದ ತಾಲೂಕು ಕಚೇರಿಯಲ್ಲಿ ಹಾಜರಾಗುವುದಾಗಿ ಹೆಬ್ಬೆಟ್ಟು ಒತ್ತಿದ.

ಉಳಿದ ಜೋಳ ಗುಡ್ಡದ ಬುಡದಲ್ಲಿ ರಾಶಿಯಾಯಿತು. ತುಂಬಿದ್ದರ ಮೂರರಲ್ಲಿ ಒಂದು ಪಾಲೂ ಇರಲಿಲ್ಲವಂತೆ. ಸಾಹೇಬರ ಬಂಡಿ ಮರೆಯಾದ ಮೇಲೆ ಹತ್ತು ಜನ ಒಬ್ಬೊಬ್ಬರಾಗಿ ಹತ್ತಿರ ಬಂದರು.

"ಇಷ್ಟ ಏನೋ ಮಾಣಿಕಪ್ಪ?" ಎಂದನೊಬ್ಬ.

"ಇಷ್ಟ."

"ಕೂಲಿ ಅಂತ ಭಾಳ ಹಂಚೀದಿ ಅಲ್ಲಾ?"

ಇನ್ನೊಬ್ಬ ನೆಲ ನೋಡುತ್ತ, "ಇಂವಾ ಹೇಳ್ದೆ ಸಾಹೇಬಗ ಹೆಂಗ ಗೊತ್ತಾತು ಅಂತ ಅಂದ್ರ," ಎಂದವನು ಮಾತು ಮುಗಿಸಲಿಲ್ಲ. ಉಳಿದವರೂ ಅದನ್ನು ಮುಗಿಸಿಕೊಡಲಿಲ್ಲ, ಅಲ್ಲಗಳೆಯಲೂ ಇಲ್ಲ.

ಅಳೆದು ಹಂಚೆಂದು ಅವರು ಕೊಳಗ ಮುಂದಿಟ್ಟರು. ಮಾಣಿಕಪ್ಪ ಅದನ್ನು ಮುಟ್ಟಲಿಲ್ಲ. "ನೀವೇ ಒಯ್ರಿ. ಯಾರ್ದೆಷ್ಟು ಅಂತ ನಿಮಗ ಗೊತ್ತದ," ಎಂದು ರಾಶಿಗೆ ಬೆನ್ನು ತಿರುಗಿಸಿ, ತಾನು ನೋಡುತ್ತಿಲ್ಲವೆಂಬುದು ಎಲ್ಲರಿಗೂ ಕಾಣುವಂತೆ ಗುಡ್ಡದ ಕಡೆ ಮುಖ ಮಾಡಿ ಕುಳಿತ. ಹಿಂದೆ ಚೀಲಗಳು ತೆರೆಯುವ, ಕಾಳು ಸುರಿಯುವ ಸಪ್ಪಳ ಕೇಳುತ್ತಿತ್ತು. ಕೆಲವು ಚೀಲಗಳಿಗೆ ಕಾಳು ಬಹಳ ಹೊತ್ತು ಸುರಿಯುತ್ತಿತ್ತು.

ಗಿರಿಜಾಬಾಯಿ ಮಾತ್ರ ಗಂಡನ ಪಕ್ಕದಲ್ಲಿಯೇ, ರಾಶಿಯ ಕಡೆಗೆ ಮುಖ ಮಾಡಿ, ಪ್ರತಿಯೊಂದು ಚೀಲವನ್ನೂ ನೋಡುತ್ತ ಕುಳಿತಿದ್ದಳು.