ಎರಡು ಪೆಡಲ್, ಒಂದು ಪಂಕ್ತಿ

"ತಂಗಿ, ನೀ ಮೆತ್ತಗೆ ಬಾರಿಸಿದ್ರೆ ಕೇಳ್ತಿಲ್ಲೆ, ಜೋರು ಬಾರಿಸಿದ್ರೆ ಕಿವಿ ತೂತಾಗ್ತು. ಮುಂದಿನ ತಿಂಗಳಿಂದ ಗಿಟಾರಿನ ಪಾರ್ಟೂ ಕೀಬೋರ್ಡಿನಲ್ಲೇ ಮಾಡ್ತೆ."

ಹೀಗೆಂದವನು ವಿನಾಯಕಣ್ಣ. ಶಿರಸಿಯ ನಮ್ಮ ಆರ್ಕೆಸ್ಟ್ರಾದ ಯಜಮಾನ. ಕೀಬೋರ್ಡ್ ನುಡಿಸುವವನೂ ಅವನೇ. (ತೀರ್ಪು ಕೊಡುವವನೂ ಅವನೇ, ಎದುರು ಪಾರ್ಟಿಯೂ ಅವನೇ.) ವಾರಕ್ಕೊಮ್ಮೆ ಈ ಅಂಕಣದಲ್ಲಿ ನಿಮ್ಮ ತಲೆ ತಿನ್ನುವ ನಾನು ರಜೆಯಲ್ಲಿ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಮದುವೆ ಸ್ಟೇಜ್ ಹತ್ತುತ್ತೇನೆಂದು ನಿಮಗೆ ಗೊತ್ತೇ ಇದೆ. ಅಲ್ಲಿಂದ ಇಳಿಯುವುದೇ? ಸಾಧ್ಯವಿಲ್ಲ ಎಂದುಕೊಂಡೆ.

ಈ ಕಾಯಿಲೆಗೆ ಮದ್ದಿದೆ. ಹೆಸರು ಕಂಪ್ರೆಸರ್ ಪೆಡಲ್. ಕಾಲಬುಡದಲ್ಲಿ ಇಟ್ಟುಕೊಳ್ಳುವ ಪುಟ್ಟ ಡಬ್ಬ. ಜೋರಾದ ಸ್ವರವನ್ನು ಅದುಮುತ್ತದೆ, ಮೆಲ್ಲಗಿನದನ್ನು ಮೇಲೆತ್ತುತ್ತದೆ.

ಎಸ್‌ಟಿಡಿ ಬೂತಿನಿಂದ ಹುಬ್ಬಳ್ಳಿಯ ಅಂಗಡಿಗೆ ಫೋನ್ ಮಾಡಿದೆ, ಮರುದಿನ ಬಸ್ ಹತ್ತಿದೆ. ಅಲ್ಲಿ ಎರಡು ಡಬ್ಬಗಳಿದ್ದವು. ನೀಲಿಯದಕ್ಕೆ ಒಂದೇ ಗುಂಡಿ, ವಾಲ್ಯೂಮಿನದು. ಎಷ್ಟು ಅದುಮಬೇಕೆಂಬುದು ಅದರದ್ದೇ ತೀರ್ಮಾನ. ಬೂದು ಬಣ್ಣದ್ದಕ್ಕೆ ಅದುಮುವ ಪ್ರಮಾಣಕ್ಕೂ ಬೇರೆ ಗುಂಡಿ. ನೀಲಿಯದೇ ತಗೋರಿ, ತಲಿನೋವಿಲ್ಲ ಎಂದರು ಅಂಗಡಿಯವರು. ನಾನು ಜಗ್ಗಲಿಲ್ಲ. ಹಳೆಯ ಪರಿಚಯದ ಮೇಲೆ ಎರಡನ್ನೂ ಟ್ರಯಲ್‌ಗೆಂದು ತಂದೆ.

ಹೋದ ಭಾನುವಾರ ಸಿದ್ದಾಪುರದಲ್ಲಿ ಮದುವೆ. ಊಟದ ಹೊತ್ತಿಗೇ ನಮ್ಮ ಪ್ರೋಗ್ರಾಂ. ಮೊದಲು ನೀಲಿ ಡಬ್ಬ ಹಾಕಿದೆ. ಮೀಟಿದ್ದೆಲ್ಲ ಒಂದೇ ಸಮ. ಯಾರ ಕಿವಿಗೂ ನೋವಿಲ್ಲ. ವಿನಾಯಕಣ್ಣನ ಮುಖ ಅರಳಿತು. ನನಗೆ ಮಾತ್ರ ಇಸ್ತ್ರಿ ಹಾಕಿದ ಬಟ್ಟೆಯಂತೆ ಕೇಳಿಸಿತು.

ಅಷ್ಟರಲ್ಲಿ ಪಂಕ್ತಿಯ ನಡುವೆ ಅಜ್ಜನೊಬ್ಬ ಗ್ರಂಥ ಶುರುಮಾಡಿದ. ನಮ್ಮ ಕಡೆ ಊಟಕ್ಕೆ ಕೂತವರು ರಾಗವಾಗಿ ಶ್ಲೋಕ ಹೇಳುವುದಕ್ಕೆ ಗ್ರಂಥ ಹೇಳುವುದು ಎನ್ನುತ್ತಾರೆ. ಆಗ ಆರ್ಕೆಸ್ಟ್ರಾ ಬಾಯಿ ಮುಚ್ಚಲೇಬೇಕು. ಅಜ್ಜ ಮೆಲ್ಲಗೆ ಎತ್ತಿಕೊಂಡ. ಕೊನೆಯ ಸಾಲಿಗೆ ದನಿ ಏರಿಸಿದ್ದೇ ತಡ, ಇಡೀ ಪಂಕ್ತಿ ಹರಹರ ಮಹಾದೇವ ಎಂದಿತು. ಆ ಏರನ್ನು ಅದುಮಿಬಿಟ್ಟಿದ್ದರೆ ಇಷ್ಟು ಜನ ದನಿಗೂಡಿಸುತ್ತಿದ್ದರೇ? ನನಗೆ ಬೇಕಾದದ್ದು ಏನೆಂದು ಅಲ್ಲೇ ಖಾತ್ರಿಯಾಯಿತು.

ಬೂದು ಡಬ್ಬಕ್ಕೆ ವೈರ್ ಸಿಕ್ಕಿಸಿದೆ. ಅದುಮುವ ಗುಂಡಿಯನ್ನು ಕಾಲುಭಾಗವಷ್ಟೇ ತಿರುಗಿಸಿದೆ. ಮೆಲ್ಲಗೆ ಮೀಟಿದ್ದು ಕೊನೆಯ ಎಲೆಯವರೆಗೂ ಹೋಯಿತು, ಅಲ್ಲಿ ಕೂತಿದ್ದ ನನ್ನ ಅತ್ತೆ ತಾಳ ಹಾಕತೊಡಗಿದಳು. ಜೋರಾಗಿ ಮೀಟಿದಾಗ ಪಾಯಸ ಬಡಿಸುತ್ತಿದ್ದವನು ಸೌಟು ಹಿಡಿದೇ ತಿರುಗಿ ನೋಡಿದ. ನನಗೆ ಖುಷಿಯೋ ಖುಷಿ.

ಸಾಮಾನು ಕಟ್ಟುವಾಗ ವಿನಾಯಕಣ್ಣ ಹೇಳಿದ, "ನೀಲಿದೇ ಇಟ್ಕ. ಯಾರಿಗೂ ತಕರಾರಿಲ್ಲೆ."

"ಎಂಗೆ ತಕರಾರಿದ್ದು," ಎಂದು ನನ್ನನ್ನೇ ತೋರಿಸಿಕೊಂಡೆ. ಬೂದು ಡಬ್ಬದಲ್ಲಿ ಮೆತ್ತಗೆ ಬಾರಿಸಿದ್ದೂ ಕೇಳಿಸಿತೋ ಇಲ್ಲವೋ ಎಂದು ಕೇಳಿದೆ. ಕೇಳಿಸಿತು ಎಂದು ಒಪ್ಪಿಕೊಂಡ. ಮತ್ತೆ ಕೀಬೋರ್ಡಿನ ಮಾತೆತ್ತಲಿಲ್ಲ. ಆದರೂ ಬಸ್ಸಿನಲ್ಲಿ ಶಿರಸಿ ಮುಟ್ಟುವವರೆಗೆ ಒಂದೇ ಉಪದೇಶ: ಆ ಗುಂಡಿ ಇನ್ನೊಂದು ಚೂರು ತಿರುಗಿಸು, ಹೆಣ್ಣುಮಕ್ಕಳ ಕೈಯಲ್ಲಿ ಅಷ್ಟು ಜೋರು ಚಂದವಲ್ಲ.

ನೀಲಿ ಡಬ್ಬ ವಾಪಸ್ ಹೋಯಿತು. ಅದುಮುವ ಕೆಲಸಕ್ಕೆ ನಮ್ಮ ಸುತ್ತ ಇಷ್ಟೊಂದು ಜನ ಇರುವಾಗ ದುಡ್ಡು ಕೊಟ್ಟು ಕೊಳ್ಳುವುದೇಕೆ?