ಮತ್ತ ಹೊರಗಾದ ಕಾಕು

ಮೊನ್ನೆ ಮಹಾಲಿಂಗಪುರದ ಬಸ್‌ಸ್ಟ್ಯಾಂಡ್ ಮುಂದ ಗೋಬಿ ಮಂಚೂರಿ ಗಾಡಿ ಹತ್ರ ನಿಂತಿದ್ದೆ. ಗಾಡಿಯವ ಬಾಟ್ಲಿ ಎತ್ತಿ ಬಾಣಲಿಗೆ ವಿನೆಗರ್ ಸುರಿದ. ಆ ಹುಳಿ ವಾಸನಿ ಮೂಗಿಗೆ ಹೊಡೀತು ನೋಡ್ರಿ, ಗೋಬಿ ಬ್ಯಾಡ ಅನಿಸ್ತು. ಮುಧೋಳದ ಒಂದು ತಪಾಸಣಿ ಕ್ಯಾಂಪಿನಾಗ ಅದ ವಾಸನಿಯೊಳಗ ಇಡೀ ದಿನ ನಿಂತಾಕಿ ನಾ. ಆ ಕ್ಯಾಂಪಿಗೆ ಬರಬೇಕಾದಾಕಿ ಒಬ್ಬಾಕಿ ಬಂದಿರಲಿಲ್ಲ...

ಬಾಗಲಕೋಟಿ ಜಿಲ್ಲಾ ಆಗಿ ಆಗ ನಾಕೈದು ವರ್ಷ ಆಗಿತ್ತು. ಲೋಕಾಪುರದ ಕಡೆ ಒಂದು ಹಳ್ಳಿಯೊಳಗ ನಾ ಸರಕಾರಿ ನರ್ಸ್. ಬಾಡಿಗಿ ಮನಿ. ನಡುವಿನ ಗ್ವಾಡಿ ಆಚಿಗೆ ನಾ ಕಾಕು ಅಂತ ಕರೀತಿದ್ದ ಹಿರ್ಯಾಕಿ, ಆಕಿ ಮಗ, ಸೊಸಿ. ಬೀರಪ್ಪನ ಒಕ್ಕಲು, ಕುರಿ ಕಾಯೋ ಮನೆತನ. ಗುಡಿಯೊಳಗ ಸಗಣಿಯಿಂದ ಸಾರಿಸೋ ಸೇವಾ ಆ ಮನಿ ಹೆಣ್ಣುಮಕ್ಕಳದು, ಅದೂ ಮುಟ್ಟು ನಿಂತವರದು ಮಾತ್ರ. ಕಾಕು ತನ್ನ ಪಾಳಿಗೆ ವರ್ಷಗಟ್ಟಲೆ ಕಾದಿದ್ದಳು. ಮುಟ್ಟು ನಿಂತಾಗ ನನ್ನ ಕೈಯಾಗ ಬೆಲ್ಲ ಇಟ್ಟಿದ್ದಳು, ಖರೇನ ಹೇಳತೇನಿ.

"ಇನ್ನ ನಂದೂ ಬೀರಪ್ಪಂದೂ ನಡುವ ಬಾಗಲಾ ಇಲ್ಲ ನೋಡವಾ," ಅಂದಿದ್ದಳು.

ಅಲ್ಲಿಂದ ವಾರಾ ವಾರಾ ಸಗಣಿ ಬುಟ್ಟಿ ಹೊತ್ತು ಗುಡಿಗೆ ಹೋಗಾಕಿ. ನಾಕು ವರ್ಷ ಹಂಗ ನಡೀತು.

ಒಂದು ಮುಂಜಾನಿ ಹಿತ್ತಲದಾಗ ನೋಡತೇನಿ, ಕಾಕು ಬ್ಯಾರೆ ಚಾಪಿ, ಬ್ಯಾರೆ ತಂಬಿಗಿ ಇಟ್ಟುಕೊಂಡು ಕುಂತಾಳ. ಸೊಸಿ ದೂರದಿಂದ ರೊಟ್ಟಿ ಇಡಾಕತ್ತಾಳ. "ಏನಾತ್ರಿ ಕಾಕು?" ಅಂದೆ.

"ಮತ್ತ ಹೊರಗಾಗೇನವಾ. ಮುದುಕಿಗೆ ಹರೇ ಬಂತು!" ಅಂತ ಸೆರಗು ಬಾಯಿಗೆ ಹಿಡಿದು ನಕ್ಕಳು.

ನಾನೂ ನಕ್ಕೆ. ಇದನ್ನ ಬರೀಲಿಕ್ಕೆ ಕೈ ಬರೂದಿಲ್ಲ, ಆದ್ರೂ ಬರೀತೇನಿ. ಮುಟ್ಟು ನಿಂತ ಮ್ಯಾಲ ಮತ್ತ ರಕ್ತ ಹೋದ್ರ ತಡಾ ಮಾಡದ ಡಾಕ್ಟರಿಗೆ ತೋರಿಸಬೇಕು ಅನ್ನೂದು ನಮಗ ತರಬೇತಿಯೊಳಗ ಕಲಿಸಿದ್ದರು. ನನ್ನ ತಲಿಯೊಳಗಿತ್ತು ಅದು. ಅವತ್ತು ಪೋಲಿಯೋ ಲಸಿಕಿ ಡಬ್ಬಿ ಬಗಲಾಗಿತ್ತು, ಬಸ್ಸಿಗೆ ಹೊತ್ತಾಗಿತ್ತು. "ಒಮ್ಮೆ ತೋರಸೂಣ್ರಿ," ಅಂದು ಹೋದೆ. ಆ ಒಮ್ಮೆ ಬರಲೇ ಇಲ್ಲ.

ಕಾಕು ಅದನ್ನ ರೋಗ ಅಂತ ಎಣಿಸಲಿಲ್ಲ, ಮೈಲಿಗಿ ಅಂತ ಎಣಿಸಿದಳು. ರಕ್ತ ಕಂಡಾಗೊಮ್ಮೆ ಮೂರು ದಿನ ಚಾಪಿ, ನಾಕನೇ ದಿನ ತಲಿ ಮ್ಯಾಲ ನೀರು. ಗುಡಿ ಸೇವಾ ಬಿಟ್ಟಳು. ಅದರದ ಸಂಕಟ ಆಕಿಗೆ, ಮೈಯಾಗಿಂದಲ್ಲ.

ಏಳೆಂಟು ತಿಂಗಳ ಮ್ಯಾಲ ಮುಧೋಳದಾಗ ಕ್ಯಾಂಪ್ ಇಟ್ಟರು. ಗರ್ಭಚೀಲದ ಬಾಯಿಗೆ ವಿನೆಗರಿನಂಥ ನೀರು ಹಚ್ಚಿ ಒಂದು ನಿಮಿಷ ಬಿಟ್ಟು ನೋಡೋದು. ಕೆಟ್ಟಿದ್ದ ಜಾಗಾ ಬೆಳ್ಳಗಾಗ್ತೈತಿ. ಊರಿಂದ ಒಂದು ಜೀಪು ತುಂಬ ಹೆಣ್ಣುಮಕ್ಕಳನ್ನ ಕರಕೊಂಡು ಹೋಗೂದು ನನ್ನ ಕೆಲಸ. ಮೊದಲ ಹೆಸರು ಕಾಕುಂದ ಬರೆದಿದ್ದೆ. ಮುಂಜಾನಿ ಹೋದ್ರ ಮತ್ತ ಚಾಪಿ ಮ್ಯಾಲ ಕುಂತಾಳ.

"ಇವತ್ತ ಬ್ಯಾಡವಾ. ಹತ್ತು ಮಂದಿನ್ನ ಮುಟ್ಟಿಸಿಕೊಂಡು ಜೀಪಿನಾಗ ಹೆಂಗ ಕೂಡಲಿ? ಮೈಲಿಗಿ ಕಳಕೊಂಡು ಮುಂದಿನ ಸಲ ಬರತೇನಿ."

ರಕ್ತ ಹೋಗೋದನ್ನ ತೋರಿಸಲಿಕ್ಕೇ ಹೋಗಬೇಕಾಗಿತ್ತು, ರಕ್ತ ಹೋಗ್ತೈತಿ ಅಂತ ಆಕಿ ಮನ್ಯಾಗ ಉಳಿದಳು. ಜೀಪಿನ ಡ್ರೈವರ್ ಹಾರ್ನ್ ಹೊಡಿಯಾಕತ್ತಿದ್ದ. ಕೈ ಹಿಡಿದು ಎಬ್ಬಿಸಬಹುದಿತ್ತು ನಾ. ಎಬ್ಬಿಸಲಿಲ್ಲ. ಆ ಜಾಗಾದಾಗ ಮತ್ತೊಬ್ಬಾಕಿನ್ನ ಕೂಡಿಸಿಕೊಂಡು ಹೋದೆ. ಮುಂದಿನ ಕ್ಯಾಂಪ್ ಬರೂದಕ್ಕ ಎರಡು ವರ್ಷ ಹಿಡೀತು.

ಅಷ್ಟರಾಗ ಕಾಕುಗ ಸೊಂಟ ಬ್ಯಾನಿ ಹತ್ತಿ ಮಗ ಜಮಖಂಡಿಗೆ ಒಯ್ದಿದ್ದ, ಅಲ್ಲಿಂದ ಮುಂದ ದೊಡ್ಡ ದವಾಖಾನಿಗೆ. ಗರ್ಭಚೀಲದ ಬಾಯಿ ಕ್ಯಾನ್ಸರ್, ಮೂತ್ರಚೀಲದ ತನಕ ಹಬ್ಬೇತಿ ಅಂದ್ರು. ಕಡೀಗೆ ಮನಿಗೆ ತಂದು ಮಲಗಿಸಿದರು. ಡ್ರೆಸ್ಸಿಂಗ್ ಮಾಡಾಕ ನಾ ದಿನಾ ಹೋಗತಿದ್ದೆ. ಒಂದು ದಿನ ಸೊಸಿ ಹೊರಗ ಹೋದಾಗ ಕಾಕು ಮೆಲ್ಲಕ ಅಂದಳು:

"ಮೊದಲನೇ ಸಲ ರಕ್ತ ಕಂಡದ್ದು ಗುಡಿಯೊಳಗವಾ. ಸಾರಸಾಕತ್ತಿದ್ದೆ. ಯಾರಿಗೂ ಹೇಳಿಲ್ಲ. ಅದಕ್ಕ ಹಿಂಗಾತೇನು?"

"ಹಂಗೇನಿಲ್ರಿ ಕಾಕು," ಅಂದೆ. ಮತ್ತ್ಯಾಕ ಆತು ಅಂದಳು. ನನಗ ಗೊತ್ತಿರಲಿಲ್ಲ. ಬಟ್ಟಿ ಬದಲಿಸಿ ಬಂದೆ. ಎರಡು ವಾರಕ್ಕ ಹೋದಳು.

ಅದರ ಉತ್ತರ ನನಗ ಸಿಕ್ಕಿದ್ದು ಭಾಳ ವರ್ಷದ ಮ್ಯಾಲ, ಒಂದು ತರಬೇತಿಯೊಳಗ. ಎಚ್‌ಪಿವಿ ಅಂತ ಒಂದು ವೈರಸ್ಸಂತ. ಗಂಡ-ಹೆಂಡಿರ ಸಂಗದಿಂದ ಬರೋದು, ಭಾಳ ಮಂದಿಗೆ ಬಂದು ಗೊತ್ತಾಗದ ಹೋಗಿಬಿಡ್ತೈತಿ. ಅದರಾಗ ನೂರಕ್ಕ ಮಿಕ್ಕಿ ಜಾತಿ. ಕೆಲವು ಬರೇ ನರುಲಿ ಏಳಸ್ತಾವ. ಹದಿನಾರು, ಹದಿನೆಂಟು ಅಂತ ನಂಬರಿನವು ಎರಡು ಅದಾವ, ಈ ಕ್ಯಾನ್ಸರ್ ಹೆಚ್ಚಾಗಿ ಅವುಗಳದ ಕೆಲಸ. ಆ ಹದಿನಾರರೊಳಗೂ ಮತ್ತ ಒಳಪಂಗಡ, ನಮ್ಮ ಊರಿನ ಹಂಗ. ಫರಕು ಭಾಳ ಸಣ್ಣದು. ಆದ್ರ ಒಂದು ಪಂಗಡ ಲಗೂನ ಬಿಟ್ಟು ಹೋಗ್ತೈತಿ, ಇನ್ನೊಂದು ಗಟ್ಟ್ಯಾಗಿ ಕುಂತು ಹತ್ತು-ಹದಿನೈದು ವರ್ಷದಾಗ ಕ್ಯಾನ್ಸರ್ ಮಾಡ್ತೈತಿ. "ಯಾರಿಗೆ ಯಾವುದು ಹತ್ತತೈತಿ ಅನ್ನೂದು ಯಾರ ಕೈಯಾಗ ಐತ್ರಿ?" ಅಂತ ಕೇಳಿದೆ. ಪಾಠ ಹೇಳಾಕತ್ತಿದ್ದ ಡಾಕ್ಟರಮ್ಮ ನಕ್ಕು, "ಯಾರ ಕೈಯಾಗೂ ಇಲ್ರಿ ಸಿಸ್ಟರ್. ಹೊತ್ತಿಗೆ ಸರಿಯಾಗಿ ಹಿಡಿಯೂದಷ್ಟ ನಮ್ಮ ಕೈಯಾಗ," ಅಂದರು. ಬೀರಪ್ಪನ ಪಾತ್ರ ಅದರಾಗ ಎಲ್ಲೂ ಇರಲಿಲ್ಲ. ಕಾಕು ಆಗಲೇ ಮಣ್ಣಾಗಿದ್ದಳು.

ಹೋದ ತಿಂಗಳು ಆ ಸೊಸಿ ನಮ್ಮನಿಗೆ ಬಂದಿದ್ದಳು, ಕೈಯಾಗ ಒಂದು ರಿಪೋರ್ಟ್. ತಾನ ಹೋಗಿ ಪರೀಕ್ಷಾ ಮಾಡಿಸ್ಯಾಳ. ವೈರಸ್ ಐತಿ, ಹದಿನಾರು ಅಲ್ಲ, ಹದಿನೆಂಟೂ ಅಲ್ಲ, ವರ್ಷದ ಮ್ಯಾಲ ಮತ್ತ ಬರ್ರಿ ಅಂತ ಬರೆದಿದ್ದರು. ಅಂಜಬ್ಯಾಡ, ಆದ್ರ ವರ್ಷ ತಪ್ಪಿಸಬ್ಯಾಡ ಅಂದೆ.

"ನಮ್ಮತ್ತಿಗೆ ಬಂದದ್ದು ಯಾವುದ್ರಿ ಅಕ್ಕಾರ?"

"ಗೊತ್ತಿಲ್ಲವಾ. ಆಕಿದು ಯಾರೂ ನೋಡಲೇ ಇಲ್ಲ."

ಸೊಸಿ ರಿಪೋರ್ಟ್ ಮಡಿಚಿದಳು. ಏಳತಾಳ ಅನ್ಕೊಂಡೆ, ಏಳಲಿಲ್ಲ. "ಮುಟ್ಟು ನಿಂತ ಮ್ಯಾಲ ರಕ್ತ ಹೋದ್ರ ತೋರಿಸಬೇಕು ಅಂತ ಡಾಕ್ಟರ್ ಹೇಳ್ಯಾರ್ರಿ," ಅಂದಳು. "ಅದು ನಿಮಗ ಆಗ ಗೊತ್ತಿತ್ತೇನ್ರಿ?"

"ಗೊತ್ತಿತ್ತವಾ," ಅಂದೆ.